ಈಗ ಬಂದೆ

ಹೊಲಿಗೆ ಯಂತ್ರವೇ ಮೇಜು. ಅದರ ಹಿಂದೆ ಚಿಕ್ಕಮ್ಮ, ತೀರಿಹೋದ ಗಂಡನ ಕನ್ನಡಕವನ್ನು ಮೂಗಿನ ತುದಿಗೆ ಏರಿಸಿ, ಇಂಟರ್‌ವ್ಯೂ ಮೇಡಂ ಆಗಿ ಕೂತಿದ್ದಳು. ಅದರಲ್ಲಿ ಅವಳಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಕನ್ನಡಕವಿಲ್ಲದ ಮೇಡಂ ಎಲ್ಲಾದರೂ ಉಂಟೇ ಎನ್ನುವುದು ಅವಳ ವಾದ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿ ನೆಲ ಒರೆಸಿ, ಬೆಡ್‌ಪ್ಯಾನ್ ಎತ್ತಿ, ದೊಡ್ಡ ಸಿಸ್ಟರ್‌ಗಳ ಬೈಗುಳ ತಿಂದು ನಿವೃತ್ತಳಾದವಳು. ದೊಡ್ಡವರು ಮಾತಾಡುವ ವರಸೆ ಅವಳಿಗೆ ಬಾಯಿಪಾಠ.

ಎದುರಿಗೆ ಗುಬ್ಬಿ. ತಾಯಿ ಸತ್ತಾಗ ನಾಲ್ಕು ವರ್ಷದ ಕೂಸಾಗಿದ್ದವಳನ್ನು ಎತ್ತಿಕೊಂಡು ಬಂದು ಈ ಹೆಸರಿಟ್ಟವರು ಚಿಕ್ಕಪ್ಪ. ಈಗ ಅವಳು ನರ್ಸಿಂಗ್ ಮುಗಿಸಿ ಎರಡು ಇಂಟರ್‌ವ್ಯೂಗಳಲ್ಲಿ ಸೋತಿದ್ದಳು. ಮೂರನೆಯದು ಮರುದಿನ ಬೆಳಿಗ್ಗೆ.

"ಔಷಧಿ ಕೊಡೋ ಮುಂಚೆ ಏನೇನು ನೋಡ್ತೀರಿ?" ಚಿಕ್ಕಮ್ಮ ದನಿ ದಪ್ಪ ಮಾಡಿ ಕೇಳಿದಳು.

"ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಕೊಡೋ ದಾರಿ, ಕೊಡೋ ಹೊತ್ತು."

"ಕತ್ತೆ ಮೇಲಿಂದ ಮೂಟೆ ಇಳಿಸ್ದಂಗೆ ಹೇಳ್ಬೇಡ್ವೇ. ನಿಧಾನ. ಆಯ್ತು, ಮುಂದಿಂದು. ನೀವು ಮಾಡಿದ ಒಂದು ತಪ್ಪು ಹೇಳಿ."

ಗುಬ್ಬಿಯ ಬಾಯಿ ಕಟ್ಟಿತು. ಎರಡು ಸಲವೂ ಆಗಿದ್ದು ಇದೇ. ಅಲ್ಲಿಯವರೆಗೆ ಪಟಪಟ ಅನ್ನುತ್ತಿದ್ದವಳು ಈ ಪ್ರಶ್ನೆ ಬಂದ ಕೂಡಲೇ ನೆಲ ನೋಡುತ್ತಿದ್ದಳು.

"ಅಯ್ಯೋ, ಏನಾದ್ರೂ ಒಂದು ಹೇಳೇ! ಚಾದರ ಬದಲಾಯಿಸೋದು ಮರೆತೆ ಅನ್ನು. ಪೇಷಂಟನ್ನ ಕೊಲ್ಲೋ ತಪ್ಪೇನು ಕೇಳಿಲ್ವಲ್ಲ ಅವರು."

ಗುಬ್ಬಿ ಚಿಕ್ಕಪ್ಪ ಹೊಲಿಯುತ್ತಿದ್ದ ಯಂತ್ರದ ಚಕ್ರವನ್ನೇ ನೋಡುತ್ತಾ ಕೂತಳು. "ನಾನು ಬಟ್ಟೆಗೆ ಚುಚ್ತೀನಿ, ನೀನು ಮೈಗೆ ಚುಚ್ತೀಯ, ಒಟ್ಟು ನಮ್ಮದು ಸೂಜಿ ಮನೆತನ" ಎಂದು ನಗುತ್ತಿದ್ದರು ಚಿಕ್ಕಪ್ಪ.

"ಚಿಕ್ಕಮ್ಮ, ಆವತ್ತು ನನ್ನನ್ನ ತಡೆದಿದ್ದು ಡ್ಯೂಟಿ ಅಲ್ಲ."

"ಯಾವತ್ತು?"

"ಚಿಕ್ಕಪ್ಪ ಹೋದ ದಿನ."

ಎಂಟು ತಿಂಗಳ ಹಿಂದಿನ ಮಾತು. ಎದೆನೋವೆಂದು ಚಿಕ್ಕಪ್ಪನನ್ನು ಚಿಕ್ಕಮ್ಮನ ಆಸ್ಪತ್ರೆಗೇ ಸೇರಿಸಿದ್ದರು. ಕೊನೆಯ ವರ್ಷದ ವಿದ್ಯಾರ್ಥಿನಿ ಗುಬ್ಬಿಗೆ ಅದೇ ವಾರ್ಡ್. ಆಗಿನ್ನೂ ನಿವೃತ್ತಳಾಗಿರದ ಚಿಕ್ಕಮ್ಮನ ಕೆಲಸ ಮೇಲಿನ ಮಹಡಿಯ ಹೆರಿಗೆ ವಾರ್ಡಿನಲ್ಲಿ. ಸಿಸ್ಟರ್ ಹುಡುಗಿಯನ್ನು ಅತ್ತಿತ್ತ ಓಡಿಸಿದ್ದರಿಂದ ಕೊನೆಗಳಿಗೆಯಲ್ಲಿ ಅವಳು ಹತ್ತಿರವಿರಲಾಗಲಿಲ್ಲ ಎಂದೇ ಚಿಕ್ಕಮ್ಮ ಬಂದವರಿಗೆಲ್ಲ ಹೇಳಿದ್ದಳು. ಆ ಸಿಸ್ಟರನ್ನು ಬಾಯಿತುಂಬ ಬೈದಿದ್ದಳು ಕೂಡ.

"ಸಿಸ್ಟರ್ ಕಳಿಸಿದ್ದು ಲ್ಯಾಬಿಗೆ ರಕ್ತದ ಸ್ಯಾಂಪಲ್ ಕೊಟ್ಟು ಬಾ ಅಂತ ಅಷ್ಟೇ. ಐದು ನಿಮಿಷದ ಕೆಲಸ. ಹೊರಟಾಗ ಚಿಕ್ಕಪ್ಪ, ಸ್ವಲ್ಪ ಕೂತ್ಕೋ ಗುಬ್ಬಿ ಅಂದ್ರು. ಈಗ ಬಂದೆ ಅಂದೆ. ಬರೋವಾಗ ಗೆಳತಿಯರು ಸಿಕ್ಕಿದ್ರು. ಕ್ಯಾಂಟೀನಿಗೆ ಹೋದೆ. ಟೀ ಕುಡಿದೆ, ನಕ್ಕೆ. ವಾಪಸ್ ಬಂದಾಗ ಮುಖಕ್ಕೆ ಬಟ್ಟೆ ಹೊದಿಸಿದ್ರು."

ಚಿಕ್ಕಮ್ಮ ಕನ್ನಡಕ ತೆಗೆದಳು. ಯಂತ್ರದ ಡ್ರಾಯರ್ ಎಳೆದು ಅದನ್ನು ಒಳಗಿಟ್ಟಳು, ಮತ್ತೆ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಬಿಡುವು ಮಾಡ್ಕೊಂಡು ಕೆಳಗೆ ಬಂದಿದ್ದೆ ನಾನು. ಮಂಚದ ಪಕ್ಕ ಸ್ಟೂಲಿತ್ತು. ಕೂರೋಕೆ ಹೋದೆ. ಬೇಡ ಕಣೇ, ಗುಬ್ಬಿ ಈಗ ಬಂದೆ ಅಂದಿದ್ದಾಳೆ, ಅವಳಿಗೆ ಜಾಗ ಬೇಕು ಅಂದ್ರು. ನಿಂತ್ಕೊಂಡೆ. ಅವರು ಬಾಗಿಲನ್ನೇ ನೋಡ್ತಾ ಇದ್ರು. ಕೂತಿದ್ರೆ ಕೈಯಾದ್ರೂ ಹಿಡ್ಕೋತಿದ್ದೆ. ನಿಂತವಳಿಗೆ ಅದು ತೋಚಲೇ ಇಲ್ಲ."

ಬೀದಿಯಲ್ಲಿ ಯಾರೋ ಸ್ಕೂಟರ್ ಚಾಲೂ ಮಾಡಲು ಒದೆಯುತ್ತಲೇ ಇದ್ದರು. ಅದು ಚಾಲೂ ಆಗಲಿಲ್ಲ.

"ನನ್ನ ಮೇಲೆ ಕೋಪ ಬಂತಾ?" ಗುಬ್ಬಿ ಅಳುತ್ತಾ ಕೇಳಿದಳು.

"ಬರದೆ ಏನು? ಬಂತು. ಇಷ್ಟು ದಿನ ಆ ಸಿಸ್ಟರ್ ಮೇಲಿತ್ತು, ಈಗ ನಿನ್ನ ಮೇಲೆ ಬಂತು. ಎಷ್ಟು ದಿನ ಇರುತ್ತೋ ಗೊತ್ತಿಲ್ಲ. ಇರೋ ತನಕ ಇರಲಿ, ನೀನು ಅದನ್ನ ಹೋಗು ಅನ್ಬೇಡ."

ಅವಳು ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು. ಆಮೇಲೆ ನಿಂತಿತು. ಎಷ್ಟೋ ಹೊತ್ತಿನ ಮೇಲೆ, ಮುಖ ತೊಳೆದುಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತು ಕನ್ನಡಕ ಏರಿಸಿದಳು.

"ನೀವು ಮಾಡಿದ ಒಂದು ತಪ್ಪು ಹೇಳಿ."

"ಚಿಕ್ಕಮ್ಮ, ಬೇಡ."

"ನಾಳೆ ಕೇಳಿದ್ರೆ ಇಲ್ಲಿ ಅತ್ತ ಹಾಗೆ ಅಲ್ಲಿ ಅಳ್ತೀಯಾ? ಚಾದರದ ಸುಳ್ಳು ನಿನ್ನ ಬಾಯಲ್ಲಿ ಬರಲ್ಲ ಅಂತ ಗೊತ್ತಾಯ್ತು. ನಿಜಾನೇ ಹೇಳು. ಅಳದೆ ಹೇಳು."

ಮೊದಲ ಸಲ ಗುಬ್ಬಿಗೆ ಕ್ಯಾಂಟೀನಿನ ಮಾತು ದಾಟಲಾಗಲಿಲ್ಲ. ಎರಡನೆಯ ಸಲ, ಚಿಕ್ಕಮ್ಮನಿಂದ ಈಗಷ್ಟೇ ಕೇಳಿದ ಸ್ಟೂಲಿನವರೆಗೆ ಬಂದಳು. ಪ್ರತಿ ಸಲವೂ ಚಿಕ್ಕಮ್ಮ ತನ್ನ ಗಂಡನ ಸಾವನ್ನು ಮೊದಲಿನಿಂದ ಕೇಳಿದಳು. "ಕೈ ಮಡಿಲಲ್ಲಿರಲಿ", "ತಲೆ ಎತ್ತು" ಎಂದು ತಿದ್ದಿದಳು. ಐದನೆಯ ಸಲ ಗುಬ್ಬಿ ಅಳದೆ ಮುಗಿಸಿದಳು. ಈ ಸಲ ಅತ್ತವಳು ಮೇಡಂ.

ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ "ಈಗ ಬಂದೆ" ಎಂಬ ರೂಢಿಯ ಮಾತು ಗುಬ್ಬಿಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. "ಹನ್ನೆರಡಕ್ಕೆ ಬರ್ತೀನಿ" ಎಂದಳು. ಹನ್ನೆರಡಾದರೂ ಅವಳ ಸರದಿ ಬರಲಿಲ್ಲ. ಆಸ್ಪತ್ರೆಯ ಬೆಂಚಿನಿಂದ ಫೋನು ಮಾಡಿ, "ತಡವಾಗುತ್ತೆ, ಕಾಯ್ಬೇಡ, ಊಟ ಮಾಡು" ಎಂದಳು.

ಒಳಗೆ ಮೂವರಿದ್ದರು. ಸೂಜಿ ಚುಚ್ಚಿಕೊಂಡರೆ ಏನು ಮಾಡುತ್ತೀರಿ, ರಾತ್ರಿ ಪಾಳಿ ಒಪ್ಪಿಗೆಯೇ, ಸೋಮವಾರದಿಂದ ಬರುತ್ತೀರಾ ಎಂದು ಕೇಳಿದರು. ಅಷ್ಟೇ.

ಎರಡು ಗಂಟೆಗೆ ಮನೆಗೆ ಬಂದಾಗ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ತಟ್ಟೆ ತೊಳೆದಿಟ್ಟ ಹಾಗೇ ಇತ್ತು.

"ಕಾಯ್ಬೇಡ ಅಂದಿದ್ನಲ್ಲ."

"ಕಾಲು ಕೇಳಬೇಕಲ್ಲ. ಆ ತಪ್ಪಿನ ಪ್ರಶ್ನೆ ಕೇಳಿದ್ರಾ?"

"ಇಲ್ಲ. ಕೆಲಸ ಸಿಕ್ತು. ಅದನ್ನ ಕೇಳಲೇ ಇಲ್ಲ."

ಚಿಕ್ಕಮ್ಮ ಅವಳನ್ನೇ ನೋಡಿದಳು. "ಐದು ಸಲ ಹೇಳಿಸಿದ್ನಲ್ಲೇ" ಎಂದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಗುಬ್ಬಿ ಒಳಗಿನಿಂದ ಒಂದು ಸ್ಟೂಲು ಎಳೆದು ತಂದು ಬಾಗಿಲ ಹತ್ತಿರ ಇಟ್ಟಳು. "ಕೂತ್ಕೋ" ಎಂದಳು. ಚಿಕ್ಕಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಕೂತಳು.