ಪಟ್ಟೆ ಬಳಿದ ಮರಗಳು

ನಗರಗೆರೆಯ ಆಚೆ, ಕಂಪನಿಯ ಆರುನೂರು ಎಕರೆ ತೋಪಿನಲ್ಲಿ ಮಾಘ ಮಾಸದ ಮಧ್ಯಾಹ್ನ ನಿಂತಲ್ಲೇ ಕಣ್ಣು ಎಳೆಯುತ್ತದೆ. ನೀಲಗಿರಿಯ ಘಮ, ಒಂದೊಂದೇ ಎಲೆ ಉದುರುವ ಸದ್ದು. ಬಿಸಿಲು ಕೂಡ ಅಲ್ಲಿ ಹಸಿರೇ. ತೋಪಿನ ಮ್ಯಾನೇಜರ್ ತನುಜಳಿಗೆ ಮಾತ್ರ ಆ ಸುಖವಿಲ್ಲ, ಪಾಪ. ಉದುರಿದ ತರಗೆಲೆಯೆಲ್ಲ ಅವಳ ಕಣ್ಣಿಗೆ ಬೆಂಕಿಯ ಮೇವು. ಗುಡ್ಡದ ಕಡೆ ಹಳೇ ನೀಲಗಿರಿ. ಈಚೆ ಅವಳೇ ನಿಂತು ನೆಡಿಸಿದ, ಎರಡು ವರ್ಷದ ಹೆಬ್ಬೇವು. ಗುಡ್ಡದ ಹುಲ್ಲಿಗೆ ಕಿಡಿ ಬಿದ್ದರೆ ಎಳೆಗಿಡ ಒಂದೂ ಉಳಿಯುವುದಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವಳಲ್ಲ ಅವಳು. ಕಿಡಿ ಈಚೆ ದಾಟದಂತೆ ಶಿವರಾತ್ರಿಯೊಳಗೆ ನಡುವಿನ ಎರಡು ಸಾಲು ಮರ ಕಡಿಸಿ, ನೆಲ ಬೋಳು ಮಾಡಿಸಬೇಕೆಂದಿದ್ದಳು.

ಕಡಿಯುವ ಮರಗಳಿಗೆ ಗುರುತು ಹಾಕಲು ಹೊರಟರೆ ಬಣ್ಣ ಮುಗಿದಿತ್ತು. "ಏನಿದೆಯೋ ಅದನ್ನೇ ಬಳಿಯಪ್ಪ" ಎಂದಳು ಕಾವಲಿನ ಗಂಗರಾಜುವಿಗೆ. ಅವನು ಹೇಳಿದಷ್ಟೇ ಮಾಡುವ ಪುಣ್ಯಾತ್ಮ. ಸಂಕ್ರಾಂತಿಗೆ ಮನೆಗೆ ಬಳಿದು ಉಳಿದ ಸುಣ್ಣ, ಕೆಮ್ಮಣ್ಣು ತಂದು ಎರಡು ಸಾಲಿಗೂ ಬಿಳಿ ಪಟ್ಟೆ, ಕೆಂಪು ಪಟ್ಟೆ ಬಳಿದುಬಿಟ್ಟ.

ಮರುದಿನ ತನುಜ ಬಂದಾಗ ಒಂದು ಮರವೂ ಉರುಳಿರಲಿಲ್ಲ. ಕೊಡಲಿಗಳು ಆಚೆಯ ಮರವೊಂದಕ್ಕೆ ಒರಗಿದ್ದವು. ಕೂಲಿಯವರ ಮುಂದಾಳು ಚಿಕ್ಕವೆಂಕಟಮ್ಮ ಸೆರಗು ಸಿಕ್ಕಿಸಿಕೊಂಡು ಪೊರಕೆ ಆಡಿಸುತ್ತಿದ್ದಳು. ಉಳಿದವರು ತರಗೆಲೆಯನ್ನು ಕುಕ್ಕೆಯಲ್ಲಿ ತುಂಬಿ ದೂರ ಹೊತ್ತು ಹಾಕುತ್ತಿದ್ದರು. ಬುಡಗಳಿಗೆ ನೀರು ಚಿಮುಕಿಸಿ ಅರಿಶಿನ, ಕುಂಕುಮ ಇಟ್ಟಾಗಿತ್ತು.

"ಏನಮ್ಮಾ ಇದು?" ತನುಜಳಿಗೆ ಅಳು ಬರುವಷ್ಟು ಸಿಟ್ಟು.

"ಪಟ್ಟೆ ಬಳಿದಿರೋ ಮರಕ್ಕೆ ಕೊಡ್ಲಿ ಹಾಕ್ತಾರಾ? ದೇವ್ರ ಮರ ಕಣಮ್ಮ. ದೇವ್ರ ಮುಂದೆ ಕಸ ಇರಬಾರ್ದು. ಕರ್ಪೂರ ಗಿರ್ಪೂರ ಹಚ್ಚಲ್ಲ, ಹೆದರ್ಕೋಬೇಡ."

"ಕಡಿಯೋಕಂತ ನಾನೇ ಬಳಿಸಿದ್ದು!"

"ಬಳಿಸಿದೋರು ಯಾರಾದ್ರೇನು? ಬಳಿದ್ಮೇಲೆ ದೇವ್ರೇ."

ಚಿಕ್ಕವೆಂಕಟಮ್ಮ ಮತ್ತೆ ಪೊರಕೆಗೆ ಬಾಗಿದಳು. ಸಂಜೆಯ ಹೊತ್ತಿಗೆ ತೋಪಿನ ಈ ತುದಿಯಿಂದ ಆ ತುದಿಗೆ ಐದು ಮಾರು ಅಗಲದ ನೆಲ ಅಂಗಳದಂತೆ ಮಲಗಿತ್ತು.

ನಾಲ್ಕನೆಯ ದಿನ ಮಟಮಟ ಮಧ್ಯಾಹ್ನ ಗುಡ್ಡದ ಹುಲ್ಲು ಹೊತ್ತಿಕೊಂಡಿತು. ತನುಜ ಓಡಿ ಬಂದಳು. ಹೊಗೆಯೊಳಗೆ ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತ್ತು, ಮರಗಳು ನೀರೊಳಗೆ ನಿಂತಂತೆ ಅಲುಗುತ್ತಿದ್ದವು. ಬೆಂಕಿ ನೆಲ ಹಿಡಿದು ನೀಲಗಿರಿಯ ಕೆಳಗೆ ಚಟಪಟ ತೆವಳುತ್ತ ಬಂತು. ಪಟ್ಟೆ ಮರಗಳ ಹತ್ತಿರ ಬಂದು ತಿನ್ನಲು ಒಂದು ಎಲೆ ಹುಡುಕಿತು. ಸಿಗಲಿಲ್ಲ. ಹಸಿ ರೆಂಬೆ ಹಿಡಿದು ನಿಂತಿದ್ದ ಕೂಲಿಯವರು ದಾಟಲು ನೋಡಿದ ಕಿಡಿಗಳನ್ನು ಬಡಿದು ಆರಿಸಿದರು.

ಹೊಗೆ ಸರಿದಾಗ ಹೆಬ್ಬೇವಿನ ಎಳೆ ಎಲೆಗಳು ಹಾಗೇ ಆಡುತ್ತಿದ್ದವು. ತನುಜ ಗುಡಿಸಿದ ನೆಲದ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಒಂದು ಮರಕ್ಕೆ ಆನಿಕೊಂಡು, ಯಾರಿದ್ದಾರೆಂದೂ ನೋಡದೆ ಅತ್ತುಬಿಟ್ಟಳು.

ಚಿಕ್ಕವೆಂಕಟಮ್ಮ ಮಸಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಪಕ್ಕಕ್ಕೆ ಬಂದಳು.

"ಅಳಬೇಡ ಕಣಮ್ಮ. ಪಡುವಣ ಕಡೇನೂ ತರಗು ಜಾಸ್ತಿ ಬಿದ್ದೈತೆ," ಎಂದಳು ಮೆಲ್ಲಗೆ. "ಅಲ್ಲೂ ಎರಡು ಸಾಲು ಸುಣ್ಣ ಬಳಿಸು."