ಆಟದಿಂದ ವಿನಾಯಿತಿ

ಅಮ್ಮನ ಅಕ್ಷರ ಮುತ್ತು ಪೋಣಿಸಿದ ಹಾಗೆ. ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಪತ್ರಗಳ ನಕಲು ಬರೆದ ಕೈ. ಅದೇ ಕೈ ಪ್ರತಿವರ್ಷ ಶಾಲೆ ತೆರೆದ ಮೊದಲ ವಾರ ಒಂದು ಕಾಗದ ಬರೆಯುತ್ತಿತ್ತು: ‘ನನ್ನ ಮಗಳ ಎಡಗಾಲು ಹುಟ್ಟಿನಿಂದ ದುರ್ಬಲವಾಗಿರುವುದರಿಂದ ಅವಳನ್ನು ಆಟದ ಅವಧಿಯಿಂದ ಬಿಡಬೇಕಾಗಿ ವಿನಂತಿ.’ ಹತ್ತು ವರ್ಷ, ಹತ್ತು ಕಾಗದ. ಡ್ರಿಲ್ ಮಾಸ್ತರು ಅದನ್ನು ಮಡಿಸಿ ಜೇಬಿಗಿಟ್ಟುಕೊಳ್ಳುತ್ತಿದ್ದರು. ಮಗಳು ಗೋಡೆಯ ನೆರಳಲ್ಲಿ ಕೂತು ಉಳಿದವರ ಚೀಲ ಕಾಯುತ್ತ ಅಂಕ ಬರೆಯುತ್ತಿದ್ದಳು. ಕಣ್ಣಿಗೆ ರೆಪ್ಪೆಯ ಹಾಗೆ ಕಾಯ್ದೆನೆಂಬ ಸಮಾಧಾನ ಅಮ್ಮನಿಗೆ.

ಮಗಳಿಗೆ ಈಗ ಮೂವತ್ತೊಂದು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಸಾಸಿವೆ ಕಾಳಿನಷ್ಟು ತಿರುಪನ್ನು ಒಂದೇ ಸಲಕ್ಕೆ ಕೂರಿಸುತ್ತಾಳೆ. ಕನ್ನಡಕ ರಿಪೇರಿಗೆ ಬಂದ ಹೆಂಗಸೊಬ್ಬಳು ಆ ಕೈಗಳನ್ನು ನೋಡುತ್ತ ನಿಂತಳು. ಕಾಲಿನ ತೊಂದರೆ ಇದ್ದವರಿಗೆ ನೆಲದ ಮೇಲೆ ಕೂತು ಆಡುವ ವಾಲಿಬಾಲ್ ಕಲಿಸುವವಳು ಅವಳು. ತಂಡಕ್ಕೆ ಒಬ್ಬರು ಕಡಿಮೆ ಇದ್ದರು, ಬರುತ್ತೀರಾ ಎಂದು ಕೇಳಿದಳು.

“ಈ ವಯಸ್ಸಲ್ಲಿ ಇದೇನೇ?” ಎಂದಳು ಅಮ್ಮ.

“ಒಂದ್ಸಲ ಹೋಗ್ಬರ್ತೀನಿ.”

ಮಗಳು ಆಟಕ್ಕೆಂದೇ ಹೊಸ ಕಾಲುಚೀಲ ತಂದು, ಮೂರು ದಿನ ಮೊದಲೇ ತೊಟ್ಟು ನೋಡಿದ್ದಳು. ಅಮ್ಮನೂ ಜೊತೆಗೆ ಹೊರಟಳು. ಬಿದ್ದರೆ ಹಿಡಿಯಲು ಒಬ್ಬರು ಬೇಕಲ್ಲ.

ಸಭಾಂಗಣದ ನೆಲ ತಣ್ಣಗಿತ್ತು. ಐದು ಜನ ಕುಂಡೆಯ ಮೇಲೆ ಸರಸರನೆ ಜಾರುತ್ತಿದ್ದರು. ಮಗಳು ಎಡಗಾಲಿಗೆ ಆಸರೆಯಾಗಿ ಕಟ್ಟಿದ್ದ ಪಟ್ಟಿ ಬಿಚ್ಚಿಟ್ಟು ನೆಲಕ್ಕೆ ಕೂತಳು. ಕಲಿಸುವವಳು ಮೊದಲು ಮೆಲ್ಲಗೆ, ಕೂಸಿಗೆ ಎಸೆದ ಹಾಗೆ, ಚೆಂಡು ಎಸೆದಳು.

ಮಗಳು ಎರಡೂ ಕಣ್ಣು ಮುಚ್ಚಿ ಮುಖಕ್ಕೆ ಕೈ ಅಡ್ಡ ಹಿಡಿದಳು. ಚೆಂಡು ಮೊಣಕೈಗೆ ಬಡಿದು ಉರುಳಿತು.

“ಚೆಂಡು ಕಚ್ಚಲ್ಲ ಕಣೇ,” ಎಂದಳು ಒಂಟಿ ಕಾಲಿನ ಆಟಗಾರ್ತಿ. “ಕಚ್ಚಿದ್ರೂ ಲಾರಿ ಥರ ಇಡೀ ಕಾಲು ನುಂಗಲ್ಲ.”

ಎಲ್ಲರೂ ನಕ್ಕರು, ಮಗಳೂ. ಇಪ್ಪತ್ತು ಸಲ ಎಸೆದರು. ಇಪ್ಪತ್ತು ಸಲವೂ ಕಣ್ಣು ಮುಚ್ಚಿತು.

“ಚಿಕ್ಕವರಿದ್ದಾಗ ಯಾರೂ ನಿಮ್ಮ ಕಡೆ ಚೆಂಡು ಎಸೀಲೇ ಇಲ್ವಾ?” ಎಂದು ಕೇಳಿದಳು ಕಲಿಸುವವಳು. ಅದರಲ್ಲಿ ಕೊಂಕಿರಲಿಲ್ಲ. ಬೆಂಚಿನ ಮೇಲಿದ್ದ ಅಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಕಾಲು ದುರ್ಬಲವೆಂದು ಬರೆದದ್ದು ನಿಜ. ಮಗಳ ಕೈಗೇನಾಗಿತ್ತು?

“ಮುಂದಿನ ತಿಂಗಳೇ ಪಂದ್ಯ. ಅಷ್ಟರೊಳಗೆ ಕಷ್ಟ,” ಎಂದಳು ಕಲಿಸುವವಳು. “ಅಂಕ ಬರೆಯೋಕೂ ಯಾರೂ ಇಲ್ಲ ನಮಗೆ. ನೀವು...”

ಮಗಳು ಪೆನ್ಸಿಲ್‌ಗೆ ಕೈ ಚಾಚಿದಳು. ಸಂಜೆಯವರೆಗೆ ಒಂದು ತಪ್ಪೂ ಇಲ್ಲದೆ ಅಂಕ ಬರೆದಳು.

ಮನೆಗೆ ಬಂದ ಮೇಲೆ ಕಾಲುಚೀಲ ಕಳಚಿ ಉಂಡೆ ಮಾಡಿ ಮಂಚದ ಮೇಲಿಟ್ಟಳು. ಅಮ್ಮ ಅದನ್ನೆತ್ತಿಕೊಂಡು ದೂರ ನಿಂತಳು.

“ಹಿಡಿ.”

“ಏನಮ್ಮ ಇದು, ಮಕ್ಕಳಾಟ.”

“ಹಿಡಿಯೇ.”

ಉಂಡೆ ಅಡ್ಡಾದಿಡ್ಡಿ ಹೋಗಿ ಕಪಾಟಿಗೆ ಬಡಿಯಿತು.

“ನಿಂಗೂ ಬರಲ್ವಲ್ಲ!” ಮಗಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು, “ಏಳನೇ ಕ್ಲಾಸಲ್ಲಿ ನಿನ್ನ ಕಾಗದ ಎರಡು ದಿನ ಕೊಟ್ಟಿರಲಿಲ್ಲ, ಗೊತ್ತಾ. ಚೀಲದಲ್ಲೇ ಇಟ್ಕೊಂಡಿದ್ದೆ.”

“ಯಾಕೆ?”

“ಹೊಸ ಡ್ರಿಲ್ ಮಾಸ್ತರು. ಅವರಿಗೆ ಗೊತ್ತಿರಲಿಲ್ಲ. ಸಾಲಲ್ಲಿ ನಿಲ್ಲಿಸಿದ್ರು. ಮೊದಲ ದಿನ ಬಿದ್ದೆ, ಎದ್ದೆ. ಎರಡನೇ ದಿನ ಒಂದು ಚೆಂಡು ಹಿಡಿದಿದ್ದೆ ಅನ್ಸುತ್ತೆ. ಈಗ ಸರಿಯಾಗಿ ನೆನಪಿಲ್ಲ.”

“ಆಮೇಲೆ?”

“ಆಮೇಲೇನು? ಕಾಗದ ಕೊಟ್ಯಾ ಅಂತ ನೀನು ಕೇಳಿದೆ. ಮಾರನೇ ದಿನ ಕೊಟ್ಟೆ.”

ಅಮ್ಮನಿಗೆ ಆ ಸಂಜೆ ನೆನಪಾಗಲಿಲ್ಲ. ಹುಡುಗಿಯ ಮಂಡಿ ತರಚಿತ್ತೇ, ಮುಖ ಹೇಗಿತ್ತು, ಒಂದೂ ನೆನಪಿಲ್ಲ. ಕಾಗದದ ಒಕ್ಕಣೆ ಮಾತ್ರ ಬಾಯಿಪಾಠವಿತ್ತು.

ಉಂಡೆ ಕಪಾಟಿನ ಬುಡದಲ್ಲಿ ಬಿದ್ದಿತ್ತು.

“ಇರಲಿ, ನಾನೇ ಎತ್ಕೋತೀನಿ,” ಎಂದು ಮಗಳು ಗೋಡೆ ಹಿಡಿದು ಬಾಗತೊಡಗಿದಳು.

ಅಷ್ಟರಲ್ಲಿ ಅಮ್ಮ ಅದನ್ನು ಎತ್ತಿಯಾಗಿತ್ತು.