ತಾರಸಿಯ ಬಟ್ಟೆಗೆ ಮುನ್ನೂರು ಕಿಲೋಮೀಟರ್ ದೂರದ ಹೊಗೆ

ನಮ್ಮದು ಬಟ್ಟೆ ಒಗೆಯುವ ಕೆಲಸ. ಊರಿನ ಎರಡು ವಸತಿಗೃಹಗಳ ಹಾಸುಬಟ್ಟೆ, ದಿಂಬಿನ ಚೀಲ ಎಲ್ಲ ನಮ್ಮಲ್ಲಿಗೇ ಬರುತ್ತವೆ. ಮಗ ಯಂತ್ರದಲ್ಲಿ ಒಗೆಯುತ್ತಾನೆ, ಸೊಸೆ ತಾರಸಿಯಲ್ಲಿ ಒಣಹಾಕುತ್ತಾಳೆ, ನಾನು ಇಸ್ತ್ರಿ ಮಾಡುತ್ತೇನೆ. ತಾರಸಿಯ ಕೆಲಸ ಮೊದಲು ನನ್ನ ಹೆಂಡತಿಯದಾಗಿತ್ತು. ಹೋದ ವರ್ಷ ಇದೇ ಬೇಸಗೆಯಲ್ಲಿ ಕೆಮ್ಮು ಹತ್ತಿ, ಹದಿನೆಂಟು ದಿನ ನರಳಿ, ಅವಳು ದೇವರ ಪಾದ ಸೇರಿದಳು.

ಈ ಸಲ ಮೂರು ದಿನ ನಮಗೆ ತಲೆಬುಡ ತಿಳಿಯಲಿಲ್ಲ. ಬಿಳಿಯಾಗಿ ತಾರಸಿಗೆ ಹೋದ ಹಾಸುಬಟ್ಟೆ ಮಾಸಲಾಗಿ ಇಳಿದು ಬರುತ್ತಿತ್ತು. ಸೋಪಿನ ಪುಡಿ ಬದಲಾಯಿಸಿದೆವು. ನೀರಿನ ತೊಟ್ಟಿ ತೊಳೆದೆವು. ಮತ್ತೆ ಒಗೆದೆವು, ಮತ್ತೆ ಹಾಗೆಯೇ. ಮೂಗಿಗೆ ಹಿಡಿದರೆ ಹೊಗೆಯ ವಾಸನೆ. ಇಸ್ತ್ರಿಪೆಟ್ಟಿಗೆ ಎಳೆದರೆ ಅಡಿಯಲ್ಲಿ ಮರಳು ಕರಕರ ಎನ್ನುತ್ತಿತ್ತು.

ಹೊಗೆ ಎಂದ ಮೇಲೆ ಪಕ್ಕದ ಬೇಕರಿಯದೇ ಇರಬೇಕು ಎಂದು ಒಂದು ಹಾಸುಬಟ್ಟೆ ಹೆಗಲಿಗೆ ಹಾಕಿಕೊಂಡು ಹೋದೆ.

"ನೋಡಪ್ಪಾ, ನಿನ್ನ ಬ್ರೆಡ್ಡಿನ ಹೊಗೆ ನನ್ನ ಬಟ್ಟೆ ತಿಂತಾ ಇದೆ."

ಬೇಕರಿಯವನು ನನ್ನನ್ನು ಒಳಗೆ ಕರೆದೊಯ್ದು ಒಲೆಯ ಬಾಗಿಲು ತೆರೆದ. "ಕೈ ಇಡಿ ಯಜಮಾನ್ರೇ." ಒಲೆ ತಣ್ಣಗಿತ್ತು. "ಸೋಮವಾರದಿಂದ ರಿಪೇರಿ. ನಾನೇ ಬೇರೆ ಅಂಗಡಿ ಬ್ರೆಡ್ ತಿಂತಾ ಇದೀನಿ. ಹೊಗೆ ನಂದೇ ಅನ್ನಿ, ಆ ಮರಳನ್ನೂ ನಾನೇ ಬೇಯಿಸಿದ್ನಾ?"

ಹಾಸುಬಟ್ಟೆ ಮಡಚಿಕೊಂಡು ಹಿಂತಿರುಗಿದೆ. ಸೊಸೆ ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದಳು. ಅವಳಿಗೆ ಮೊದಲಿನಿಂದಲೂ ಉಬ್ಬಸ. ಉಸಿರೆಳೆದಾಗಲೆಲ್ಲ ಎದೆಯಲ್ಲಿ ಸಿಳ್ಳೆಯ ಸದ್ದು. ಮಗ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕರೆತಂದಿದ್ದ.

ಅವರು ಸೊಸೆಗೆ ಇನ್‌ಹೇಲರ್ ಎಳೆಸಿ, "ಇವತ್ತು ಇವರು ತಾರಸಿ ಹತ್ತಬಾರದು" ಎಂದರು.

"ಹೊರಗೆ ಮಸುಕಾಗಿರೋದು ಬರೀ ಮಂಜು, ತಾಯಿ. ಬಿಸಿಲೇರಿದರೆ ಹೋಗುತ್ತೆ" ಎಂದೆ ನಾನು.

"ಗಂಟೆ ಹನ್ನೊಂದಾಯ್ತು ತಾತ, ಇದೆಂಥ ಮಂಜು?" ಎನ್ನುತ್ತ ಮೊಬೈಲಿನಲ್ಲಿ ಒಂದು ಚಿತ್ರ ತೆರೆದರು. "ಉಪಗ್ರಹ ಮೇಲಿಂದ ತೆಗೆದ ಚಿತ್ರ ಇದು. ನಮ್ಮ ಊರು ಇಲ್ಲಿದೆ."

ನನಗೆ ಕಂಡದ್ದು ಬಣ್ಣ ಬಿಟ್ಟ ಬಟ್ಟೆಯ ಮೇಲಿನ ಕಲೆಗಳು. "ಇದರಲ್ಲಿ ಮೋಡ ಯಾವುದು, ನೆಲ ಯಾವುದು?"

"ಅಚ್ಚ ಬಿಳುಪಾಗಿ ಉಬ್ಬಿಕೊಂಡಿರೋದು ಮೋಡ. ಈ ಕೆಂಪು ಚುಕ್ಕಿ ಇದೆಯಲ್ಲ, ಅಲ್ಲಿ ಕಾಡಿಗೆ ಬೆಂಕಿ ಬಿದ್ದಿದೆ. ಅಲ್ಲಿಂದ ಬೂದು ಬಣ್ಣದ ಎಳೆ ಹೊರಟು, ಬರ್ತಾ ಬರ್ತಾ ಅಗಲ ಆಗಿದೆ. ಅದೇ ಹೊಗೆ."

"ಎಷ್ಟು ದೂರ ಆ ಕಾಡು?"

"ಮುನ್ನೂರು ಕಿಲೋಮೀಟರ್."

"ಅಷ್ಟು ದೂರದಿಂದ ನಮ್ಮ ತಾರಸಿಯ ವಿಳಾಸ ಕೇಳ್ಕೊಂಡು ಬಂತಾ?"

ಅವರು ಹಿಂದಿನ ದಿನಗಳ ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ಮೊದಲ ದಿನ ಆ ಎಳೆ ಬೆಟ್ಟದ ಬಳಿಯಿತ್ತು. ಮರುದಿನ ನದಿ ದಾಟಿತ್ತು. ಮೂರನೆಯ ದಿನ, ನಮ್ಮ ಬಟ್ಟೆ ಮೊದಲು ಮಾಸಿದಂದು, ಹೊಗೆಯಡಿ ನಮ್ಮ ಊರೇ ಕಾಣಲಿಲ್ಲ.

"ಸರಿ, ಮರಳು?"

"ಈ ಕಂದು ಪಟ್ಟಿ ನೋಡಿ. ಬತ್ತಿದ ಕೆರೆಯ ಬಯಲಿಂದ ಗಾಳಿ ಎಬ್ಬಿಸಿದ ಧೂಳು. ಎರಡೂ ಇಲ್ಲೇ ಕೂಡಿವೆ. ಒದ್ದೆ ಬಟ್ಟೆ ಹರಡಿದ್ರೆ ಚೆನ್ನಾಗಿ ಹಿಡಿದುಕೊಳ್ಳುತ್ತೆ."

"ಚಿತ್ರ ಒಂದನ್ನೇ ನಂಬೋದಾ?" ಎಂದ ಮಗ.

"ಇಲ್ಲಪ್ಪಾ. ಹೊಗೆ ಎತ್ತರದಲ್ಲಿದೆಯೋ ಮೂಗಿನ ಮಟ್ಟಕ್ಕೆ ಇಳಿದಿದೆಯೋ, ಚಿತ್ರ ಹೇಳಲ್ಲ. ಮೋಡ ಮುಚ್ಚಿದ್ರೆ ಏನೂ ಕಾಣಲ್ಲ. ಅದಕ್ಕೇ ಗಾಳಿ ಎಷ್ಟು ಕೆಟ್ಟಿದೆ ಅಂತ ಅಳೆಯೋ ಕೇಂದ್ರದ ಅಂಕಿನೂ ನೋಡ್ಬೇಕು. ಇವತ್ತು ಅದೂ ತೀರಾ ಕೆಟ್ಟದಾಗಿದೆ."

ನಾನು ಕೇಳಿದೆ. "ಹೋದ ವರ್ಷದ್ದು ಸಿಗುತ್ತಾ ತಾಯಿ?"

ಅವರು ನನ್ನ ಮುಖ ನೋಡಿ, ತಡವರಿಸಿ, ಹುಡುಕಿ ತೋರಿಸಿದರು. ನನ್ನ ಹೆಂಡತಿಗೆ ಕೆಮ್ಮು ಹತ್ತಿದ ವಾರ ಊರ ಮೇಲೆ ಅದೇ ಬೂದು ಹಾಸು.

"ಅಜ್ಜಿಯ ಕಾಯಿಲೆಗೆ ಇದೇ ಕಾರಣ ಅಂತ ನಾನು ಹೇಳಲಾರೆ ತಾತ."

"ಹೇಳೋದು ಬೇಡ."

ಕರೆದುಕೊಂಡವನು ಭಗವಂತ, ಅವನ ಚಿತ್ತ ನನಗೆ ತಿಳಿಯದು. ಆದರೆ ಮಂಜು ಎಂದು ಹೇಳಿ ಅವಳನ್ನು ದಿನವೂ ತಾರಸಿಗೆ ಕಳಿಸಿದವನು ನಾನು.

ಅಂದೇ ತಾರಸಿಯ ಹಗ್ಗ ಬಿಚ್ಚಿಸಿ ಒಳಕೋಣೆಯಲ್ಲಿ ಕಟ್ಟಿಸಿದೆ. ಬಟ್ಟೆ ಎರಡು ದಿನ ತಡ ಎಂದಾಗ ವಸತಿಗೃಹದ ಮ್ಯಾನೇಜರ್ ಗೊಣಗಿದ. ಗೊಣಗಲಿ. ಕಿಟಕಿ ಮುಚ್ಚಿದೆವು. ಒದ್ದೆ ಕರವಸ್ತ್ರ ಹೊಗೆಯ ಸಣ್ಣ ಕಣ ತಡೆಯದೆಂದು ನರ್ಸಮ್ಮ ಹೇಳಿದ್ದರಿಂದ, ಹೊರಗೆ ಹೋಗಲೇಬೇಕಾದ ಮಗನಿಗೆ ಎನ್‌95 ಮಾಸ್ಕ್ ತರಿಸಿದೆವು. ಸಂಜೆಯ ಹೊತ್ತಿಗೆ ಸೊಸೆಯ ಎದೆಯ ಸಿಳ್ಳೆ ನಿಂತಿತ್ತು.

ಓದುವ ಅಣ್ಣಂದಿರೇ, ಅಕ್ಕಂದಿರೇ, ಆಕಾಶ ಮಸುಕಾದಾಗ ನಮ್ಮ ಹಾಗೆ ಸೋಪು ಬದಲಾಯಿಸುತ್ತ, ಪಕ್ಕದವರ ಮೇಲೆ ಜಗಳಕ್ಕೆ ಹೋಗುತ್ತ ದಿನ ಕಳೆಯಬೇಡಿ. ಮೊಬೈಲ್ ಬಲ್ಲವರನ್ನೋ ಆರೋಗ್ಯ ಕೇಂದ್ರದವರನ್ನೋ ಕೇಳಿ, ಉಪಗ್ರಹದ ಚಿತ್ರ ಮತ್ತು ಗಾಳಿಯ ಅಂಕಿ ತಿಳಿದುಕೊಳ್ಳಿ. ಉಬ್ಬಸದವರು, ಬಸುರಿಯರು, ಮಕ್ಕಳು, ಮುದುಕರು ಅಂಥ ದಿನ ಒಳಗಿರಲಿ. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಾನು ಈಗಲೂ ಬೆಳಗ್ಗೆ ದೇವರಿಗೆ ಕೈಮುಗಿಯುತ್ತೇನೆ. ಮುಗಿದು ಎದ್ದವನೇ ಮಗನಿಂದ ಆ ಚಿತ್ರ ತೆಗೆಸಿ ನೋಡುತ್ತೇನೆ. ನೀವೂ ನೋಡಿ, ನಿಮ್ಮವರನ್ನು ಆಮೇಲೆ ಹೊರಗೆ ಕಳಿಸಿ.